ಅಡ್ರೆಸ್ ಇಲ್ಲದ ಲಿಂಕ್‌ನಲ್ಲಿ ಓಎಸ್‌ಪಿಎಫ್: ‘ಫುಲ್’ ಬಂದರೆ ಸಾಕಾ?

ಪ್ರಶ್ನೆ: ಕೊನೆ ವರ್ಷದ ಪ್ರಾಜೆಕ್ಟ್‌ಗೆ ಒಂದೇ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ (ಬೇರೆ ಬೇರೆ ರೂಟರ್‌ಗಳಂತೆ ನಡೆಯುವ ಪ್ರತ್ಯೇಕ ನೆಟ್‌ವರ್ಕ್ ಭಾಗಗಳು) ಮಾಡಿದ್ದೇನೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಅಂತ ಹೆಸರಿಟ್ಟು, ತ್ರಿಕೋನದ ಹಾಗೆ ವೆತ್ ಜೋಡಿಗಳಿಂದ (ಎರಡು ತುದಿಯ ವರ್ಚುವಲ್ ಕೇಬಲ್) ಸೇರಿಸಿದ್ದೇನೆ. ಲೂಪ್‌ಬ್ಯಾಕ್‌ಗೆ (ಯಾವ ಕೇಬಲ್‌ಗೂ ಸೇರದ, ರೂಟರ್ ಒಳಗಿನ ಇಂಟರ್‌ಫೇಸ್) ಮಾತ್ರ ಅಡ್ರೆಸ್ ಕೊಟ್ಟು, ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್‌ನಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ಕಂಡುಕೊಳ್ಳುವ ಪ್ರೋಟೋಕಾಲ್) ಓಡಿಸಿದರೆ ಪಕ್ಕದ ರೂಟರ್ ಕಾಣುವುದೇ ಇಲ್ಲ. ಕಂಡ ಮೇಲೆ ಟೆಸ್ಟ್ ಪಾಸ್ ಅಂತ ಬರೆಯಬಹುದಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಾನಿದ್ದೇನೆ ಅಂತ ರೂಟರ್ ಪಕ್ಕದವರಿಗೆ ಕಳಿಸುವ ಹಲೋ ಪ್ಯಾಕೆಟ್ ಯಾರಿಂದ ಬಂತು ಅಂತ ಹೇಳಲು ಒಂದು ಅಡ್ರೆಸ್ ಬೇಕೇ ಬೇಕು. ಸ್ವಂತ ಅಡ್ರೆಸ್ ಇಲ್ಲದ ಇಂಟರ್‌ಫೇಸ್ ಅದನ್ನು ಲೂಪ್‌ಬ್ಯಾಕ್‌ನಿಂದ ಎರವಲು ಪಡೆಯುತ್ತದೆ. ಎಫ್‌ಆರ್‌ಆರ್‌ನಲ್ಲಿ ಆ ಎರವಲನ್ನು ನೀವೇ ಕೊಡಬೇಕು. ದಾವಣಗೆರೆಯ ಲೂಪ್‌ಬ್ಯಾಕ್ 10.0.0.1/32 ಆದರೆ, ಅದರ ಎರಡೂ ವೆತ್ ತುದಿಗೆ ಅದನ್ನೇ ಹಾಕಿ. ವೆತ್ ಅನ್ನು ಓಎಸ್‌ಪಿಎಫ್ ಈಥರ್ನೆಟ್ ಅಂತಲೇ ನೋಡುವುದರಿಂದ, ಲಿಂಕ್‌ನ ಎರಡೂ ಕಡೆ ನೆಟ್‌ವರ್ಕ್ ಬಗೆಯನ್ನು ಪಾಯಿಂಟ್-ಟು-ಪಾಯಿಂಟ್ (ಇಬ್ಬರ ನಡುವಿನ ನೇರ ಲಿಂಕ್) ಮಾಡಿ. ಆಗ ಸಬ್‌ನೆಟ್ ಮಾಸ್ಕ್ ಹೊಂದಬೇಕೆಂಬ ತಕರಾರು ಇರುವುದಿಲ್ಲ. ಓಎಸ್‌ಪಿಎಫ್‌ನ ನಿಯಮಗಳಿರುವ 1998ರ ದಾಖಲೆ ಆರ್‌ಎಫ್‌ಸಿ 2328 ಪ್ರಕಾರ, ಅಡ್ರೆಸ್ ಇಲ್ಲದ ಇಂಥ ಲಿಂಕ್‌ನ ಗುರುತು ಇಂಟರ್‌ಫೇಸ್‌ನ ಕ್ರಮಸಂಖ್ಯೆ.

ಇನ್ನು ‘ಫುಲ್’ (ಪಕ್ಕದ ರೂಟರ್ ಜೊತೆ ಪೂರ್ತಿ ಹೊಂದಿಕೆಯಾದ ಸ್ಥಿತಿ) ಬಂತು ಅನ್ನಿ. ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ. ತ್ರಿಕೋನ ಸರಿಯಿರುವಾಗ ಎಲ್ಲರೂ ಎಲ್ಲರಿಗೂ ನೇರ ಪಕ್ಕದವರು, ಅಲ್ವಾ? ಹರಿಹರದಲ್ಲಿ ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ಮುಂದೆ ಕಳಿಸುವುದು) ಆಫ್ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ದಾವಣಗೆರೆ–ಚಿತ್ರದುರ್ಗ ಲಿಂಕ್ ಕಡಿದ ಮೇಲೆ ನೋಡಿ: ಹರಿಹರದ ಮೂಲಕ ರೂಟ್ ಬಂದಿರುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ.

ಕಡಿಯುವುದರಲ್ಲೂ ಎರಡು ಬಗೆಯಿದೆ. ವೆತ್‌ನ ಒಂದು ತುದಿ ಡೌನ್ ಮಾಡಿದರೆ ಇನ್ನೊಂದು ತುದಿಗೂ ತಕ್ಷಣ ಗೊತ್ತಾಗುತ್ತದೆ. ಅದು ಸುಲಭದ ಟೆಸ್ಟ್. ನಿಜವಾದ ಲೈನ್ ಎಷ್ಟೋ ಸಲ ಸುಮ್ನೆ ಸಾಯುತ್ತದೆ: ದೀಪ ಉರಿಯುತ್ತಿರುತ್ತದೆ, ಪ್ಯಾಕೆಟ್ ಹೋಗುವುದಿಲ್ಲ. ಅದಕ್ಕೆ ಅದೇ ಲಿಂಕ್‌ನ ದಾವಣಗೆರೆ ತುದಿಯಲ್ಲಿ ಟಿಸಿ ನೆಟೆಮ್ ಎಂಬ ಲಿನಕ್ಸ್ ಸಾಧನದಿಂದ ಲಾಸ್ 100% ಹಾಕಿ, ಅಂದರೆ ಹೊರಹೋಗುವ ಪ್ಯಾಕೆಟ್ ಎಲ್ಲ ಕಳೆದುಹೋಗುವಂತೆ ಮಾಡಿ. ಈಗ ಚಿತ್ರದುರ್ಗಕ್ಕೆ ಹಲೋ ಬರುವುದಿಲ್ಲ. ಮಾಮೂಲಿ ಡೆಡ್ ಟೈಮರ್ 40 ಸೆಕೆಂಡ್ ಮುಗಿದ ಮೇಲಷ್ಟೇ ಅದು ದಾವಣಗೆರೆಯನ್ನು ಕೈಬಿಡುತ್ತದೆ. ಚಿತ್ರದುರ್ಗದ ಮುಂದಿನ ಹಲೋದಲ್ಲಿ ತನ್ನ ಹೆಸರು ಕಾಣದೆ ದಾವಣಗೆರೆ ‘ಫುಲ್’ನಿಂದ ‘ಇನಿಟ್’ಗೆ (ಹಲೋ ಒಂದೇ ಕಡೆಯಿಂದ ಕೇಳುವ ಸ್ಥಿತಿ) ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದರೆ ಓಎಸ್‌ಪಿಎಫ್ ಜಾಸ್ತಿ ಅರ್ಥವಾಗುತ್ತದೆ.

ದಾರಿಯ ಒಂದೊಂದು ರೂಟರ್ ತೋರಿಸುವ ಟ್ರೇಸ್‌ರೂಟ್ ಒಂದನ್ನೇ ನಂಬಬೇಡಿ. ಯಾವ ಲಿಂಕ್‌ನಿಂದ ಬಂದರೂ ಉತ್ತರ ಅದೇ ಎರವಲು ಅಡ್ರೆಸ್‌ನಿಂದ ಬರುತ್ತದೆ. ಪ್ಯಾಕೆಟ್ ಯಾವ ದಾರಿ ಹಿಡಿಯಿತು ಅಂತ ನೋಡಲು ಆಯಾ ಇಂಟರ್‌ಫೇಸ್ ಮೇಲೆ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ.

ಪಿಂಗ್ ನಿಂತು ಮತ್ತೆ ಬರುವವರೆಗೆ ಎಷ್ಟು ಸೆಕೆಂಡ್ ಆಯಿತು ಅಂತ ರಿಪೋರ್ಟ್‌ನಲ್ಲಿ ಬರೆಯಿರಿ. ಆಮೇಲೆ ಎರಡೂ ತುದಿಯಲ್ಲಿ ಹಲೋ 1, ಡೆಡ್ 4 ಸೆಕೆಂಡ್ ಮಾಡಿ, ಮತ್ತೆ ಅಳೆಯಿರಿ.