ದೇವರ ಇಚ್ಛೆ ಒಂದು, ಪ್ರವಾದಿಯ ಆಸೆ ಇನ್ನೊಂದಾದರೆ?

ಹೀಬ್ರೂ ಪ್ರವಾದಿಗಳು ದೇವರು ಹೇಳಿದ್ದನ್ನೆಲ್ಲ ಸುಮ್ನೆ ಒಪ್ಪಿಕೊಂಡರಾ ಅಂತ ಕೇಳಿದ್ದೀರಿ. ಇಲ್ಲ. ಬೈಬಲ್‌ನ ಪ್ರವಾದಿ ಯೋನನನ್ನೇ ನೋಡಿ. ಪೂರ್ವದಲ್ಲಿದ್ದ ಶತ್ರುಗಳ ಊರು ನಿನೆವೆಗೆ ಹೋಗಿ ಎಚ್ಚರಿಸು ಅಂತ ದೇವರು ಅಂದರೆ, ಆತ ಯೊಪ್ಪ ಬಂದರಿನಲ್ಲಿ ಟಿಕೆಟ್ ದುಡ್ಡು ಕೊಟ್ಟು ವಿರುದ್ಧ ದಿಕ್ಕಿನ ತಾರ್ಷೀಷಿನ ಹಡಗು ಹತ್ತುತ್ತಾನೆ!

ಎಲ್ಲರಿಗೂ ನೆನಪಿರುವುದು ಆಮೇಲೆ ಅವನನ್ನು ನುಂಗಿ ದಡಕ್ಕೆ ಕಕ್ಕಿದ ದೊಡ್ಡ ಮೀನು. ನನಗೆ ಯೋನನ ಪುಸ್ತಕದ ಕೊನೆಯ, ಅಂದರೆ 4ನೇ ಅಧ್ಯಾಯವೇ ಜಾಸ್ತಿ ಇಷ್ಟ. ಅಷ್ಟರಲ್ಲಿ ಯೋನ ನಿನೆವೆಗೆ ಹೋಗಿ ಎಚ್ಚರಿಸಿದ್ದ, ಆ ಶತ್ರುಗಳ ಊರು ಪಶ್ಚಾತ್ತಾಪಪಟ್ಟು ಉಳಿದುಕೊಂಡಿತು. ಇವನಿಗೆ ಅದೇ ಸಿಟ್ಟು. ನೀನು ಕರುಣಾಳು ಅಂತ ಗೊತ್ತಿತ್ತು, ಅದಕ್ಕೇ ಓಡಿಹೋದೆ ಅಂತ ದೇವರನ್ನೇ ಬೈಯುತ್ತಾನೆ. ನೆರಳಿಗೆ ಬೆಳೆದ ಗಿಡವನ್ನು ಹುಳು ತಿಂದಾಗ ಸಾಯಬೇಕು ಅನ್ನುತ್ತಾನೆ. ದೇವರು ಬಲವಂತ ಮಾಡುವುದಿಲ್ಲ, ಕೇಳುತ್ತಾನೆ: ಗಿಡಕ್ಕೆ ನೀನು ಮರುಗಿದೆ, ಎಡ ಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ದನಕರು, ಇವರಿಗೆ ನಾನು ಮರುಗಬಾರದಾ? ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಯೋನನ ಉತ್ತರ ಅದರಲ್ಲಿಲ್ಲ.