ಗೊಂಬೆ ದಂಡು: ಸೋಲುವವನ ಕಡೆ ಆಡುವವರು ಯಾರು?

ಕಳೆದ ಸಂಚಿಕೆಯಲ್ಲಿ ನಾನು ಹೈದರಾಲಿಯ ದಂಡನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಪೆನ್ಸಿಲ್ವೇನಿಯಾದ ಹಿಸ್ಟಾರಿಕಾನ್‌ಗೆ ಹೋದ ಕತೆ ಬರೆದಿದ್ದೆ. ಹಿಸ್ಟಾರಿಕಾನ್ ಎಂದರೆ ಚರಿತ್ರೆಯ ಯುದ್ಧಗಳನ್ನು ಪುಟ್ಟ ಗೊಂಬೆಗಳಲ್ಲಿ ಆಡುವವರ ಜಾತ್ರೆ. ಅಲ್ಲಿ ಗುರುತು ಪರಿಚಯ ಇಲ್ಲದ ಆರೇಳು ಜನರನ್ನು ಮೇಜಿನ ಸುತ್ತ ನಿಲ್ಲಿಸಿ, ನಾಲ್ಕು ಗಂಟೆ ಹೊತ್ತು ಪೊಲ್ಲಿಲೂರು ಕಾಳಗ (1780ರಲ್ಲಿ ಕಂಚಿಯ ಹತ್ತಿರ ಹೈದರ್ ಇಂಗ್ಲಿಷರನ್ನು ಸೋಲಿಸಿದ್ದು) ಆಡಿಸುವುದು ನನ್ನ ಹುಚ್ಚು. ಪತ್ರಗಳು ನಾನು ಎಣಿಸಿದ್ದಕ್ಕಿಂತ ಜಾಸ್ತಿ ಬಂದಿವೆ. ಕೆಲವರದ್ದು ‘ನಿಮಗೆ ಬೇರೆ ಕೆಲಸ ಇಲ್ವಾ ಮೇಡಂ’ ಎನ್ನುವ ಧಾಟಿ. ಕೆಲಸ ಇದೆ. ಉಳಿದವರಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಇದು ಚೆಸ್ ತರಹವೋ, ಮಕ್ಕಳ ಆಟವೋ? ದೊಡ್ಡವರು ಗೊಂಬೆ ಇಟ್ಟುಕೊಂಡು ಆಡುವುದು ವಿಚಿತ್ರ ಅನಿಸುವುದಿಲ್ಲವೇ? (ಹಾಸನದ ಓದುಗರು)

ನಾನು ಮೈಸೂರಿನವಳು. ನಮ್ಮಲ್ಲಿ ದೊಡ್ಡವರೇ ಒಂಬತ್ತು ದಿನ ಗೊಂಬೆ ಕೂರಿಸಿ, ಊರವರನ್ನೆಲ್ಲ ಕರೆದು, ಬೊಂಬೆ ಬಾಗಿನ ಕೊಡುತ್ತಾರೆ. ನಮ್ಮಮ್ಮ ಕೆಳಗಿನ ಮೆಟ್ಟಿಲಲ್ಲಿ ಬ್ಯಾಂಡಿನವರು, ಕುದುರೆ ಸವಾರರು, ಅಂಬಾರಿ ಜೋಡಿಸುತ್ತಿದ್ದರು. ರಾತ್ರಿ ನಾನು ಅವನ್ನು ಒಂದು ಇಂಚು ಸರಿಸಿಟ್ಟು, ಬೆಳಿಗ್ಗೆ ಬೈಸಿಕೊಳ್ಳುತ್ತಿದ್ದೆ. ಈಗ ಸರಿಸಲು ಟೇಪು ಹಿಡಿಯುತ್ತೇನೆ, ಅಷ್ಟೇ ವ್ಯತ್ಯಾಸ.

ಇದು ಚೆಸ್ ಅಲ್ಲ. ಮನೆಗಳಿಲ್ಲ. ಕಾಲಾಳು ದಳ ಆರು ಇಂಚು ನಡೆಯುತ್ತದೆ, ಕುದುರೆ ಹನ್ನೆರಡು. ಹೊಡೆತ ಬಿತ್ತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಜರ್ಮನಿಯ ಪ್ರಶ್ಯ ರಾಜ್ಯದ ಸೈನ್ಯ 1824ರಲ್ಲೇ ಅಧಿಕಾರಿಗಳ ತರಬೇತಿಗೆ ಇಂಥ ಆಟ ತಂದಿತ್ತು. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟದ ಸೈನಿಕರನ್ನು ಇಟ್ಟುಕೊಂಡು ಆಡುವುದಕ್ಕೆ ನಿಯಮಗಳನ್ನು ಅಚ್ಚು ಹಾಕಿಸಿದರು. ಅವರು ಆಟಿಕೆ ಫಿರಂಗಿಯಿಂದ ನಿಜವಾಗಿಯೂ ಮರದ ಗುಂಡು ಹಾರಿಸುತ್ತಿದ್ದರು. ಮೂರು ತಿಂಗಳು ಕೂತು ಬಣ್ಣ ಹಚ್ಚಿದ ಗೊಂಬೆಗೆ ಹಾಗೆ ಹೊಡೆಯಲು ನನಗಂತೂ ಮನಸ್ಸು ಬಾರದು.

ಪ್ರಶ್ನೆ: ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಸೋತರು ಅನ್ನುವುದು ಎಲ್ಲರಿಗೂ ಗೊತ್ತು. ಸೋಲುವ ಕಡೆ ಆಡಲು ಯಾರು ಬರುತ್ತಾರೆ? (ಧಾರವಾಡದಿಂದ ಒಬ್ಬ ಇತಿಹಾಸ ಮೇಷ್ಟ್ರು)

ಮೇಷ್ಟ್ರೇ, ನನ್ನ ಮೊದಲ ವರ್ಷದ ಆಟ ಹಾಳಾಗಿದ್ದೇ ಈ ಪ್ರಶ್ನೆ ಕೇಳಿಕೊಳ್ಳದೆ ಹೋದದ್ದಕ್ಕೆ.

ನಡೆದದ್ದು ನಿಮಗೆ ಗೊತ್ತು, ಬೇರೆಯವರಿಗಾಗಿ ಹೇಳುತ್ತೇನೆ. 1780ರಲ್ಲಿ ಹೈದರ್ ಸುಮಾರು 80 ಸಾವಿರ ಜನರೊಂದಿಗೆ ಘಟ್ಟ ಇಳಿದು ಕರ್ನಾಟಿಕ್ ಸೀಮೆಗೆ, ಅಂದರೆ ಈಗಿನ ತಮಿಳುನಾಡಿನ ಕಡೆಗೆ, ನುಗ್ಗಿದ. ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ದಂಡು ಹೆಕ್ಟರ್ ಮನ್ರೋ ಕೈಕೆಳಗೆ ಕಂಚಿಯಲ್ಲಿತ್ತು. ಬಕ್ಸರ್ ಕಾಳಗ ಗೆದ್ದ ಮನ್ರೋ. ಅವನನ್ನು ಸೇರಲು ಕರ್ನಲ್ ವಿಲಿಯಂ ಬೈಲಿ ಗುಂಟೂರಿನ ಕಡೆಯಿಂದ ಬರುತ್ತಿದ್ದ. ದಾರಿಯಲ್ಲಿ ಕೊರ್ತಲೈಯಾರ್ ಹೊಳೆ ತುಂಬಿ ಅವನನ್ನು ದಿನಗಟ್ಟಲೆ ತಡೆಯಿತು. ಸೆಪ್ಟೆಂಬರ್ 6ರಂದು ಟಿಪ್ಪು ಪೆರಂಬಾಕ್ಕಂ ಹತ್ತಿರ ಅಡ್ಡಗಟ್ಟಿದ. ಮನ್ರೋ ತಾನು ಬರಲಿಲ್ಲ, ಫ್ಲೆಚರ್ ಎಂಬ ಅಧಿಕಾರಿಯ ಜೊತೆ ಸಾವಿರ ಜನರನ್ನು ಕಳಿಸಿದ. 9ರ ರಾತ್ರಿ ಬೈಲಿ ಹೊರಟ. ಅರ್ಧ ದಾರಿಯಲ್ಲಿ, ಕತ್ತಲಲ್ಲಿ, ದಂಡನ್ನು ನಿಲ್ಲಿಸಿಬಿಟ್ಟ. ಬೆಳಗಾಗುವ ಹೊತ್ತಿಗೆ ಸುತ್ತಲೂ ಟಿಪ್ಪುವಿನ ಸವಾರರು, ಫಿರಂಗಿಗಳು. ಹಿಂದಿನಿಂದ ಹೈದರ್ ಇಡೀ ದಂಡಿನೊಂದಿಗೆ ಬಂದ. ಫಿರಂಗಿ ಸದ್ದು ಕೇಳುವಷ್ಟು ಹತ್ತಿರ ಇದ್ದರೂ ಮನ್ರೋ ಸಮಯಕ್ಕೆ ಬರಲಿಲ್ಲ. ಆಮೇಲೆ ತನ್ನ ದೊಡ್ಡ ಫಿರಂಗಿಗಳನ್ನು ಕಂಚಿಯ ಕೆರೆಗೆ ತಳ್ಳಿ ಮದ್ರಾಸಿನ ಕಡೆ ಓಡಿದ.

ಇಷ್ಟನ್ನೂ ನಾನು ಮೊದಲ ವರ್ಷ ನಲವತ್ತು ನಿಮಿಷ ವಿವರಿಸಿದೆ. ಜನ ಗಡಿಯಾರ ನೋಡುತ್ತಿದ್ದರು. ಎಂಟು ಪುಟದ ನಿಯಮ ಹಂಚಿದೆ. ಒಬ್ಬರೂ ಓದಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಮನ್ರೋ ಪಾತ್ರವನ್ನು ಒಬ್ಬ ಆಟಗಾರನಿಗೆ ಕೊಟ್ಟಿದ್ದೆ! ಪಾಪ, ಆತ ಕಂಚಿಯ ಮೂಲೆಯಲ್ಲಿ ಎರಡು ಗಂಟೆ ಕೈ ಕಟ್ಟಿ ಕೂತ. ‘ಕಾಫಿ ತರುತ್ತೇನೆ’ ಎಂದು ಎದ್ದವನು ವಾಪಸು ಬರಲೇ ಇಲ್ಲ. ಚರಿತ್ರೆಗೆ ಅಷ್ಟು ನಿಷ್ಠೆ ನಾನೂ ಕೇಳಿರಲಿಲ್ಲ.

ಈಗ ಮನ್ರೋ ಮನುಷ್ಯನಲ್ಲ, ಎರಡು ದಾಳ. ಪ್ರತಿ ಟರ್ನ್ ಶುರುವಿನಲ್ಲಿ ಬೈಲಿ ಕಡೆಯವರು ಹಾಕುತ್ತಾರೆ. ಎರಡರಲ್ಲೂ ಆರು ಬಿದ್ದರೆ ಮನ್ರೋ ಹೊರಡುತ್ತಾನೆ. ಮೂವತ್ತಾರರಲ್ಲಿ ಒಂದು ಸಲದ ಮಾತು. ಆದರೂ ಪ್ರತಿ ಸಲ ಇಡೀ ಮೇಜು ಉಸಿರು ಬಿಗಿ ಹಿಡಿದು ನೋಡುತ್ತದೆ.

ಆಟ ಶುರುವಾಗುವುದು ಬೆಳಿಗ್ಗೆ ಅಲ್ಲ, ಹಿಂದಿನ ರಾತ್ರಿ. ಬೈಲಿಗೆ ನನ್ನ ಮೊದಲ ಪ್ರಶ್ನೆ: ‘ನಿಲ್ಲುತ್ತೀರಾ, ನಡೆಯುತ್ತೀರಾ?’ ಕತೆ ಗೊತ್ತಿರುವವರು ಎದೆ ಉಬ್ಬಿಸಿ ‘ನಡೆಯುತ್ತೇವೆ’ ಅನ್ನುತ್ತಾರೆ. ಸರಿ, ನಡೆಯಿರಿ. ಕಂಚಿಗೆ ಎರಡು ಅಡಿ ಹತ್ತಿರವಾಗುತ್ತೀರಿ. ಆದರೆ ಕತ್ತಲಲ್ಲಿ ಯಾವ ದಳ ಎಲ್ಲಿ ಹೋಯಿತು ಎಂದು ದಾಳ ಹೇಳುತ್ತದೆ. ಎತ್ತಿನ ಗಾಡಿಗಳು ಹಿಂದೆ ಉಳಿಯುತ್ತವೆ. ಬೆಳಕು ಹರಿದಾಗ ಮದ್ದು ಒಂದು ಕಡೆ, ಫಿರಂಗಿ ಇನ್ನೊಂದು ಕಡೆ. ಆಗ ಅವರ ಮುಖ ನೋಡಬೇಕು. ಬೈಲಿ ಯಾಕೆ ನಿಂತಿರಬಹುದು ಎಂದು ನಾನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಬೈಲಿ ಗೆಲ್ಲಲು ಹೈದರನನ್ನು ಸೋಲಿಸಬೇಕಿಲ್ಲ. ಎಂಟು ಟರ್ನ್‌ನಲ್ಲಿ ಎಷ್ಟು ದಳ ಕಂಚಿ ಅಂಚು ದಾಟಿಸಿದ, ಎಷ್ಟು ಹೊತ್ತು ನಾಲ್ಕು ದಿಕ್ಕಿಗೂ ಮುಖ ಮಾಡಿ ಚೌಕ ಕಟ್ಟಿ ನಿಂತ ಎಂಬುದಕ್ಕೆ ಅಂಕ. ಹೈದರನ ಕಡೆಗೂ ಒಂದು ಕೊಕ್ಕೆ ಇಟ್ಟಿದ್ದೇನೆ. ಟಿಪ್ಪುವಿಗೆ ಬೈಲಿಯನ್ನು ತಾನೇ ಹಿಡಿದರೆ ಅಂಕ. ಹೈದರನಿಗೆ ತನ್ನ ಕಾಲಾಳುಗಳು ಉಳಿದರೆ ಅಂಕ, ಯಾಕೆಂದರೆ ಮನ್ರೋ ಇನ್ನೂ ಬಾಕಿ ಇದ್ದಾನೆ. ಅಪ್ಪ ಮಗ ಮೇಜಿನ ಒಂದೇ ಬದಿ ನಿಂತು ಜಗಳ ಆಡುತ್ತಾರೆ. ನಾನು ಸುಮ್ನೆ ನೋಡುತ್ತೇನೆ.

ಪ್ರಶ್ನೆ: 80 ಸಾವಿರ ಜನರಿಗೆ ಎಷ್ಟು ಗೊಂಬೆ ಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು)

ಲೆಕ್ಕದ ಹುಡುಗಿ! ನನ್ನದು 28 ಮಿಲಿಮೀಟರ್ ಎತ್ತರದ ಗೊಂಬೆ. ಒಂದಕ್ಕೆ 30 ಜನರ ಲೆಕ್ಕ. ಬೈಲಿ, ಫ್ಲೆಚರ್ ಸೇರಿ ಸುಮಾರು 3,800 ಜನ. ಅಂದರೆ 127 ಗೊಂಬೆ. ಎರಡು ಚಳಿಗಾಲದಲ್ಲಿ ಮುಗಿಯಿತು. ಹೈದರನಿಗೆ ಅದೇ ಲೆಕ್ಕ ಹಾಕಿದರೆ 2,600ಕ್ಕೂ ಮೇಲೆ. ಅಷ್ಟು ಬಣ್ಣ ಹಚ್ಚುವ ಹೊತ್ತಿಗೆ ನನ್ನ ಕಣ್ಣು ಹೋಗಿರುತ್ತದೆ, ಮೇಜಿನ ಮೇಲೆ ಜಾಗವೂ ಇರುವುದಿಲ್ಲ.

ಉಪಾಯ ಹೀಗೆ. ಹೈದರನ ಕಡೆ ಇರುವುದು 240 ಗೊಂಬೆ ಮಾತ್ರ. ಚೆದುರಿದ ಕುದುರೆ ದಳ ಮುಂದಿನ ಟರ್ನ್‌ನಲ್ಲಿ ಮೇಜಿನ ಬೇರೊಂದು ಅಂಚಿನಿಂದ ಮತ್ತೆ ಬರುತ್ತದೆ. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮತ್ತೆ ಮನೆಯಿಂದ ಹೊರಟ ಹಾಗೆ. ಬೈಲಿ ಕಡೆಯವರಿಗೆ ಸ್ವಲ್ಪ ಹೊತ್ತಿಗೆ ಇವರು ಮುಗಿಯುವ ಜನರಲ್ಲ ಅನಿಸತೊಡಗುತ್ತದೆ. ನನಗೆ ಬೇಕಾದದ್ದೂ ಅದೇ.

ನೀವು ಹೊಸದಾಗಿ ಶುರು ಮಾಡುವುದಾದರೆ 15 ಮಿಲಿಮೀಟರ್ ತೆಗೆದುಕೊಳ್ಳಿ. ಕಣ್ಣು ಮೂಗು ಬರೆಯುವ ಗೋಳಿಲ್ಲ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳು ಬಾವಿಯಲ್ಲಿ ಸಿಕ್ಕ ಟಿಪ್ಪು ಕಾಲದ ರಾಕೆಟ್‌ಗಳನ್ನು ಶಿವಮೊಗ್ಗದಲ್ಲಿ ನೋಡಿದ್ದೇನೆ. ಆಟದಲ್ಲಿ ಅವನ್ನು ಹೇಗೆ ತರುತ್ತೀರಿ? (ತೀರ್ಥಹಳ್ಳಿಯಿಂದ)

ನೀವು ಪುಣ್ಯವಂತರು. 2018ರಲ್ಲಿ ಆ ಬಾವಿಯಿಂದ ಸಾವಿರದಷ್ಟು ಕಬ್ಬಿಣದ ಕೊಳವೆ ಎತ್ತಿದಾಗ ನಾನು ಇಲ್ಲಿ ಅಮೆರಿಕದಲ್ಲಿ ಕೂತು ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗೇಣುದ್ದದ ಕೊಳವೆ, ಒಳಗೆ ಮದ್ದು, ಪಕ್ಕಕ್ಕೆ ಕಟ್ಟಿದ ಬಿದಿರು ಗಳ. ನಮ್ಮವರು ಅದನ್ನು ಬಾಣ ಅನ್ನುತ್ತಿದ್ದರು. ಜಾತ್ರೆಯ ಬಾಣ ಬಿರುಸಿನಲ್ಲಿ ಇರುವುದು ಅದೇ ಬಾಣ.

ಅಮೆರಿಕದ ಆಟಗಾರರಿಗೆ ರಾಕೆಟ್ ಎಂದ ಕೂಡಲೇ ಕ್ಷಿಪಣಿ ನೆನಪಾಗುತ್ತದೆ. ಗುರಿ ಇಟ್ಟು ಹೊಡೆಯಬಹುದು ಅಂದುಕೊಳ್ಳುತ್ತಾರೆ. ನನ್ನ ನಿಯಮದಲ್ಲಿ ಹಾಗಾಗುವುದಿಲ್ಲ. ಒಂದಡಿಯ ಬಿದಿರು ಕಡ್ಡಿ ಇಡಿ, ದಾಳ ಹಾಕಿ. ಮೂರು ನಾಲ್ಕು ಬಿದ್ದರೆ ನೇರ, ಎರಡಕ್ಕೆ ಎಡ, ಐದಕ್ಕೆ ಬಲ. ಒಂದು ಬಿದ್ದರೆ ತಿರುಗಿ ನಿಮ್ಮ ಮೇಲೇ. ಬಾಣ ಜನರನ್ನು ಜಾಸ್ತಿ ಕೊಲ್ಲುವುದಿಲ್ಲ, ಹೆದರಿಸುತ್ತದೆ. ಕುದುರೆ, ಎತ್ತು ದಿಕ್ಕೆಟ್ಟು ಓಡುತ್ತವೆ. ಆರು ಬಿದ್ದು, ಕಡ್ಡಿಯ ತುದಿ ಮದ್ದಿನ ಗಾಡಿಗೆ ಮುಟ್ಟಿದರೆ ಮಾತ್ರ ಗಾಡಿ ಸಿಡಿಯುತ್ತದೆ. ಅಂದು ಬೈಲಿಯ ಮದ್ದಿನ ಗಾಡಿಗಳು ಸಿಡಿದದ್ದು ನಿಜ. ಬಾಣದಿಂದಲೋ ಫಿರಂಗಿ ಗುಂಡಿನಿಂದಲೋ ಎಂಬುದರಲ್ಲಿ ಬರೆದವರೆಲ್ಲ ಒಂದೇ ಮಾತು ಹೇಳುವುದಿಲ್ಲ. ನಾನು ಎರಡಕ್ಕೂ ಅವಕಾಶ ಇಟ್ಟಿದ್ದೇನೆ. ಸ್ಫೋಟಕ್ಕೆ ಹತ್ತಿ, ಅದರೊಳಗೆ ಬ್ಯಾಟರಿ ದೀಪ. ಒಂದು ಸಲ ಹತ್ತು ವರ್ಷದ ಹುಡುಗಿ ಆ ಆರು ಹಾಕಿದಳು. ಅವಳು ಕಿರುಚಿದ್ದಕ್ಕೆ ಪಕ್ಕದ ಮೇಜಿನ ನೆಪೋಲಿಯನ್ ಕಾಲದವರು ಆಟ ನಿಲ್ಲಿಸಿ ಬಂದರು.

ಪ್ರಶ್ನೆ: ಹೈದರ್, ಟಿಪ್ಪು ಎಂದರೆ ನಮ್ಮಲ್ಲಿ ಜಗಳ ಶುರು. ನೀವು ಯಾರ ಪಕ್ಷ? ಯುದ್ಧವನ್ನು ಆಟ ಮಾಡುವುದು ಸರಿಯೇ? (ಮಡಿಕೇರಿಯ ಓದುಗರು)

ನಿಮ್ಮ ಊರಿನಿಂದ ಈ ಪ್ರಶ್ನೆ ಬಂದದ್ದು ಯಾಕೆ ಎಂದು ಗೊತ್ತು. ಅದನ್ನು ಲಘುವಾಗಿ ನೋಡುವುದಿಲ್ಲ.

ಮೇಜಿನ ಮೇಲೆ ನಾನು ಯಾರ ಪಕ್ಷವೂ ಅಲ್ಲ. ಕೆಲವನ್ನು ಆಡಿಸುವುದಿಲ್ಲ. ಆ ವರ್ಷ ಕರ್ನಾಟಿಕ್ ಸೀಮೆಯ ಹಳ್ಳಿಗಳು ಸುಟ್ಟವು. ಅದಕ್ಕೆ ಅಂಕ ಇಲ್ಲ, ಸುಡಲು ಹಳ್ಳಿಯನ್ನೂ ಇಡುವುದಿಲ್ಲ. ಸೆರೆ ಸಿಕ್ಕವರ ಕತೆ ಆಟ ಮುಗಿದ ಮೇಲೆ ಹೇಳುತ್ತೇನೆ. ಬೈಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅದೇ ಸೆರೆಯಲ್ಲಿದ್ದ ಅಧಿಕಾರಿ ಡೇವಿಡ್ ಬೇರ್ಡ್ 1784ರ ಮಂಗಳೂರು ಒಪ್ಪಂದದ ಮೇಲೆ ಬಿಡುಗಡೆಯಾದ, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದವರ ಮುಂದಾಳಾಗಿ ಬಂದ.

ಇನ್ನೊಂದು ಮಾತು. ಕಂಪನಿ ದಂಡು ಎಂದರೆ ಎಲ್ಲ ಬಿಳಿಯರು ಎಂದುಕೊಂಡು ಬರುತ್ತಾರೆ. ಪೆಟ್ಟಿಗೆ ತೆರೆದರೆ ಕೆಂಪು ಕೋಟಿನ ಕೆಳಗೆ ಚಡ್ಡಿ, ಬರಿಗಾಲು, ಕಂದು ಮೈ. ಬಹುಪಾಲು ಮದ್ರಾಸ್ ಸಿಪಾಯಿಗಳು. ಒಬ್ಬರು ಕೇಳಿದರು, ‘ಹಾಗಾದರೆ ಇದು ಯಾರ ಯಾರ ನಡುವಿನ ಯುದ್ಧ?’ ಒಳ್ಳೆಯ ಪ್ರಶ್ನೆ ಅಲ್ವಾ?

ಪ್ರಶ್ನೆ: ಹೊಳೆ, ಹುಲ್ಲು, ಮರ ಇಲ್ಲೇ ಸಿಗುವ ಸಾಮಾನಿನಲ್ಲಿ ಮಾಡಬಹುದೇ? (ದಾವಣಗೆರೆಯಿಂದ)

ಖಂಡಿತ. ಅಮೆರಿಕದ ಅಂಗಡಿಯ ಹುಲ್ಲಿಗಿಂತ ನಿಮ್ಮ ಅಡುಗೆ ಮನೆಯೇ ಮೇಲು. ಸೋಸಿದ ಚಹಾ ಪುಡಿಯನ್ನು ಚೆನ್ನಾಗಿ ಒಣಗಿಸಿ, ಫೆವಿಕಾಲ್ ಮೇಲೆ ಉದುರಿಸಿದರೆ ಬಯಲು ನೆಲ. ಒದ್ದೆ ಇದ್ದರೆ ಬೂಷ್ಟು ಹಿಡಿಯುತ್ತದೆ. ನನಗೆ ಹಿಡಿದಿದೆ. ತೆಂಗಿನ ನಾರು ಕತ್ತರಿಸಿದರೆ ಒಣ ಹುಲ್ಲು. ಪೊಲ್ಲಿಲೂರಿನ ಕಡೆ ತಾಳೆ ಮರ ಜಾಸ್ತಿ. ನನ್ನ ತಾಳೆ ಮರದ ಕಾಂಡಗಳು ಚನ್ನಪಟ್ಟಣದಲ್ಲಿ ಕಡೆಸಿ ತಂದವು. ಗರಿ ಮಾತ್ರ ಕಾಗದದ್ದು.

ಗುಡ್ಡಕ್ಕೆ ಥರ್ಮಾಕೋಲ್ ಸಾಕು. ಆದರೆ ಅದರ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡಿ. ಕಣ್ಣೆದುರೇ ಕರಗಿ ಹೋಗುತ್ತದೆ. ಮೊದಲು ಫೆವಿಕಾಲ್ ನೀರು ಬಳಿದು ಒಣಗಿಸಿ, ಆಮೇಲೆ ಕುಂಚದಲ್ಲಿ ಬಣ್ಣ ಹಚ್ಚಿ. ಗೊಂಬೆಗೆ ಪ್ರೈಮರ್ ಸ್ಪ್ರೇ ಮಾಡುವುದಾದರೆ ಮಳೆಗಾಲದಲ್ಲಿ ಬೇಡ. ತೇವಕ್ಕೆ ಬಿಳಿ ಬೂದಿ ಕೂತ ಹಾಗಾಗುತ್ತದೆ.

ಬಣ್ಣಕ್ಕೆ ಮಾದರಿ ಬೇಕಾದರೆ ದರಿಯಾ ದೌಲತ್ ಗೋಡೆ ಚಿತ್ರ ನೋಡಿ ಬನ್ನಿ. ಪಲ್ಲಕ್ಕಿಯಲ್ಲಿ ಬೈಲಿ, ಅವನ ಸುತ್ತ ಚೌಕ, ಸಿಡಿಯುವ ಮದ್ದಿನ ಗಾಡಿ, ಎಲ್ಲ ಅಲ್ಲಿದೆ. ಗೆದ್ದವರು ಬರೆಸಿದ ಚಿತ್ರ, ನೆನಪಿರಲಿ.

ಪ್ರಶ್ನೆ: ಆಟಗಾರರು ಗೊಂಬೆ ಮುರಿದರೆ ಸಿಟ್ಟು ಬರುವುದಿಲ್ಲವೇ? (ಉಡುಪಿಯಿಂದ)

ಬರುತ್ತದೆ. ತೋರಿಸುವುದಿಲ್ಲ. ಅಂಟು ಜೇಬಿನಲ್ಲೇ ಇರುತ್ತದೆ.

ಪ್ರಶ್ನೆ: ಇಷ್ಟು ಸಲ ಆಡಿಸಿದ್ದೀರಿ. ಬೈಲಿ ಯಾವತ್ತಾದರೂ ಕಂಚಿ ಮುಟ್ಟಿದ್ದಾನಾ? (ಮೈಸೂರಿನ ಒಂಬತ್ತನೇ ತರಗತಿ ಹುಡುಗ)

ಒಂಬತ್ತು ಸಲದಲ್ಲಿ ಒಂದೇ ಸಲ, ಮರಿ. ಆಡಿದವರು ರಿಟೈರ್ ಆದ ಒಬ್ಬ ಅಜ್ಜ. ರಾತ್ರಿ ನಿಲ್ಲದೆ ನಡೆದರು. ಗಾಡಿಗಳನ್ನೆಲ್ಲ ದಾರಿಯಲ್ಲೇ ಬಿಟ್ಟರು. ಫ್ಲೆಚರ್ ಆಡುತ್ತಿದ್ದವರು ‘ನನ್ನ ದಳ ಹಿಂದೆ ಉಳಿಯಿತು’ ಎಂದು ಕೂಗುತ್ತಲೇ ಇದ್ದರು, ಅಜ್ಜ ತಿರುಗಿಯೂ ನೋಡಲಿಲ್ಲ. ಕೊನೆಯ ಟರ್ನ್‌ನಲ್ಲಿ ಒಂದೇ ಒಂದು ದಳ, ಹನ್ನೊಂದು ಗೊಂಬೆ, ಅಂಚು ದಾಟಿತು. ಅದೇ ಟರ್ನ್‌ನಲ್ಲಿ ದಾಳ ಹನ್ನೆರಡು ಬಿದ್ದು ಮನ್ರೋ ಕೂಡ ಹೊರಟ! ಇನ್ನೇನು ಪ್ರಯೋಜನ?

ಮುಂದಿನ ವರ್ಷ ಅದೇ ಅಜ್ಜ ಮತ್ತೆ ಹೆಸರು ಕೊಟ್ಟರು. ಈ ಸಲ ಹೈದರ್ ಬೇಕು ಅಂದರು. ಕೊಟ್ಟೆ. ಪಕ್ಕದಲ್ಲಿ ಟಿಪ್ಪು ಆಡಲು ಬಂದವರು, ಹಿಂದಿನ ವರ್ಷ ಹಿಂದೆ ಉಳಿದಿದ್ದ ಆ ಫ್ಲೆಚರ್.