ಪ್ರತಿಕ್ರಿಯೆ: ರಾಜ್ಯಕ್ಕೆ ದೂರು ಕೊಟ್ಟರೆ ಉಪಯೋಗವಿದೆಯೇ?

ಟೆಕ್ಸಾಸ್‌ನ ಶಾಲೆಯಲ್ಲಿ ನಿಮ್ಮ ಮಗನ ಐಇಪಿಯಲ್ಲಿ (ವಿಶೇಷ ಶಿಕ್ಷಣ ಬೇಕಾದ ಮಗುವಿಗಾಗಿ ಮಾಡುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ) ವಾರಕ್ಕೆರಡು ಬಾರಿ ಮಾತಿನ ಥೆರಪಿ ಎಂದು ಬರೆದಿದ್ದರೂ ಮೂರು ತಿಂಗಳಿಂದ ನಡೆದಿಲ್ಲ, ಕೇಳಿದರೆ ‘ಥೆರಪಿಸ್ಟ್ ಇಲ್ಲ’ ಎನ್ನುತ್ತಾರೆ ಎಂದಿದ್ದೀರಿ. ಥೆರಪಿಸ್ಟ್ ಸಿಗದಿರುವುದು ಶಾಲೆಯ ತೊಂದರೆ. ಐಇಪಿಯಲ್ಲಿ ಬರೆದದ್ದನ್ನು ಕೊಡುವ ಹೊಣೆ ಅದರಿಂದ ತಪ್ಪುವುದಿಲ್ಲ.

ಖಂಡಿತ ದೂರು ಕೊಡಿ. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ ಇರುವ ಅಮೆರಿಕದ ಕೇಂದ್ರ ಸರ್ಕಾರದ ಐಡಿಇಎ ಕಾಯ್ದೆಯ ಪ್ರಕಾರ ಶಾಲಾ ಜಿಲ್ಲೆಗಳ (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳ) ಮೇಲೆ ಕಣ್ಣಿಡುವ ಕೆಲಸ ರಾಜ್ಯದ ಶಿಕ್ಷಣ ಇಲಾಖೆಯದು. ನಿಮ್ಮಲ್ಲಿ ಅದು ಟೆಕ್ಸಾಸ್ ಎಜುಕೇಶನ್ ಏಜೆನ್ಸಿ. ದೂರು ಲಿಖಿತವಾಗಿರಬೇಕು, ಸಹಿ ಇರಬೇಕು, ಲೋಪ ನಡೆದು ಒಂದು ವರ್ಷ ಮೀರಿರಬಾರದು. ಅದರ ಒಂದು ಪ್ರತಿಯನ್ನು ಶಾಲಾ ಜಿಲ್ಲೆಗೂ ಕಳುಹಿಸಬೇಕು. ವಕೀಲರು ಬೇಕಿಲ್ಲ. ಸಾಮಾನ್ಯವಾಗಿ 60 ದಿನಗಳೊಳಗೆ ಲಿಖಿತ ತೀರ್ಮಾನ ಬರುತ್ತದೆ. ತಪ್ಪು ಸಾಬೀತಾದರೆ ತಪ್ಪಿಹೋದ ಥೆರಪಿಗೆ ಪರಿಹಾರವಾಗಿ ಹೆಚ್ಚುವರಿ ಅವಧಿಗಳನ್ನು ಕೊಡುವಂತೆ ಆದೇಶಿಸಬಹುದು. ಅದನ್ನೇ ಸ್ಪಷ್ಟವಾಗಿ ಕೇಳಿ; ‘ನ್ಯಾಯ ಕೊಡಿಸಿ’ ಎಂದಷ್ಟೇ ಬರೆಯಬೇಡಿ. ಥೆರಪಿ ತಪ್ಪಿದ ದಿನಾಂಕಗಳ ಪಟ್ಟಿ, ಶಾಲೆಯ ಇಮೇಲ್‌ಗಳು ಜೊತೆಗಿರಲಿ.

ರಾಜ್ಯದ ಮೇಲೆ ನಿಮಗಿರುವ ಅನುಮಾನ ಸುಳ್ಳೇನಲ್ಲ. ವಿಶೇಷ ಶಿಕ್ಷಣ ಪಡೆಯುವ ಮಕ್ಕಳು ಶೇ. 8.5ರ ಒಳಗಿರಬೇಕೆಂಬ ಮಾನದಂಡವನ್ನು ಇದೇ ಏಜೆನ್ಸಿ 2004ರಿಂದ ವರ್ಷಗಟ್ಟಲೆ ಇಟ್ಟುಕೊಂಡಿತ್ತು. ಅರ್ಹ ಮಕ್ಕಳು ಹೊರಗುಳಿದರು. ಟೆಕ್ಸಾಸ್ ಕಾನೂನು ಮೀರಿದೆ ಎಂದು 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೇಳಿತು. ಅಂದರೆ ಕಾವಲುಗಾರನಿಗೂ ಕಾವಲು ಇದೆ, ತಡವಾಗಿಯಾದರೂ.

ಇನ್ನೊಂದು ಮಾತು: ಐಇಪಿ ಸಭೆಯಲ್ಲಿ ಪೋಷಕರಿಗೆ ಇಂಗ್ಲಿಷ್ ತೊಡಕಾದರೆ ದುಭಾಷಿಯ ವ್ಯವಸ್ಥೆ ಶಾಲೆಯೇ ಮಾಡಬೇಕು. ಕೇಳಲು ಸಂಕೋಚಪಡಬೇಡಿ.